ಗಾಳಿ, ಲೋಹ, ಮರದಲ್ಲಿ ಶಬ್ದದ ವೇಗ ಅಳೆಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಒಂದು ಮೀಟರ್ ಉದ್ದದ ಉಕ್ಕಿನ ಸರಳು ಇದೆ. ಎರಡೂ ತುದಿಯ ಹತ್ತಿರ ಒಂದೊಂದು ಮೈಕ್ ಇಟ್ಟು, ಒಂದು ತುದಿಗೆ ಸುತ್ತಿಗೆಯಿಂದ ತಟ್ಟುತ್ತೀರಿ. ರೆಕಾರ್ಡಿಂಗ್ ನೋಡಿ ಲೆಕ್ಕ ಹಾಕಿದರೆ ಸೆಕೆಂಡಿಗೆ 340 ಮೀಟರ್ ಬರುತ್ತದೆ. ಪುಸ್ತಕ ತೆಗೆದು ನೋಡಿದರೆ 5000 ಅಂತ ಇದೆ. ಮತ್ತೆ ತಟ್ಟಿದರೂ ಅದೇ 340.

ಹೆಚ್ಚಿನವರು ಎಡವುವುದು ಇಲ್ಲೇ. ನೀವು ಅಳೆದದ್ದು ಉಕ್ಕನ್ನಲ್ಲ, ಸುತ್ತಿಗೆಯ ಸದ್ದು ಗಾಳಿಯಲ್ಲಿ ಬಂದು ಮೈಕ್ ಮುಟ್ಟಿದ ಸಮಯವನ್ನು. ಲೋಹದ ಮೂಲಕ ಬಂದ ಸದ್ದು ಅದಕ್ಕೂ ಮೊದಲೇ ಬಂದು ಹೋಗಿತ್ತು, ಆದರೆ ತೀರಾ ಸಣ್ಣದಾಗಿ. ಅದನ್ನು ಹಿಡಿದರೂ ಪ್ರಯೋಜನ ಕಡಿಮೆ. ಒಂದು ಮೀಟರ್ ಉಕ್ಕನ್ನು ದಾಟಲು ಶಬ್ದಕ್ಕೆ ಬೇಕಾಗುವುದು 0.2 ಮಿಲಿಸೆಕೆಂಡ್. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಶಬ್ದದ ಮಾದರಿ ತೆಗೆಯುತ್ತದೆ. ಅಂದರೆ ನಿಮ್ಮ ಇಡೀ ಪ್ರಯೋಗ ಬರೀ ಒಂಬತ್ತು ಮಾದರಿಗಳೊಳಗೆ ಮುಗಿದುಹೋಗುತ್ತದೆ. ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲಿ ಎರಡು ಮಾದರಿಯಷ್ಟು ಹೆಚ್ಚುಕಮ್ಮಿಯಾದರೂ ಉತ್ತರ ಎಲ್ಲೋ ಹೋಗುತ್ತದೆ.

ಹಾಗಾಗಿ ಗಟ್ಟಿ ವಸ್ತುವಿನಲ್ಲಿ ಸಮಯ ಅಳೆಯಲು ಹೋಗಬೇಡಿ. ಸರಳನ್ನು ಮೊಳಗಿಸಿ, ಅದು ಯಾವ ಸ್ವರದಲ್ಲಿ ಮೊಳಗುತ್ತದೆ ಅಂತ ನೋಡಿ. ಆ ಸ್ವರದ ಆವೃತ್ತಿಯಲ್ಲೇ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಸಂಖ್ಯೆಯಲ್ಲೇ (ಇದರ ಅಳತೆ ಹರ್ಟ್ಜ್), ವೇಗ ಅಡಗಿದೆ. ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಉತ್ತರ ಮೊದಲೇ ಚೆನ್ನಾಗಿ ಗೊತ್ತಿರುವ ಗಾಳಿಯಲ್ಲಿ ಸಲಕರಣೆಯನ್ನು ಪರೀಕ್ಷಿಸಿಕೊಂಡ ಮೇಲೆಯೇ ಲೋಹಕ್ಕೆ ಬರಬೇಕು.

## ಬೇಕಾಗುವ ಸಾಮಾನು

ಎರಡು ಸ್ಮಾರ್ಟ್‌ಫೋನ್ ಇದ್ದರೆ ಒಳ್ಳೆಯದು, ಒಂದೇ ಇದ್ದರೂ ಕೆಲಸ ಆಗುತ್ತದೆ. ಎರಡರಲ್ಲೂ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಇದನ್ನು ಮಾಡಿದ್ದು ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯ. ಶಬ್ದದಿಂದ ಓಡುವ ಸ್ಟಾಪ್‌ವಾಚ್, ಯಾವ ಆವೃತ್ತಿ ಎಷ್ಟು ಜೋರಾಗಿದೆ ಅಂತ ಗೆರೆಚಿತ್ರದಲ್ಲಿ ತೋರಿಸುವ ಸ್ಪೆಕ್ಟ್ರಮ್ ಎರಡೂ ಇದರಲ್ಲಿವೆ. ಕಂಪ್ಯೂಟರ್ ಇದ್ದರೆ ರೆಕಾರ್ಡಿಂಗ್ ತೆರೆದು ನೋಡುವ ಆಡಾಸಿಟಿ ಎಂಬ ತಂತ್ರಾಂಶ ಇರಲಿ, ಅದೂ ಉಚಿತ.

ಇವುಗಳ ಜೊತೆ ಒಂದು ಅಳತೆ ಟೇಪು, ಒಂದು ತಾಪಮಾಪಕ, ಸಣ್ಣ ಸುತ್ತಿಗೆ ಬೇಕು. ಸುತ್ತಿಗೆಯ ತಲೆ ಲೋಹದ್ದೇ ಆಗಿರಬೇಕು, ರಬ್ಬರಿನದು ಬೇಡ. ಸರಳು 60 ಸೆಂಟಿಮೀಟರಿನಿಂದ 1 ಮೀಟರ್ ಉದ್ದ, 8ರಿಂದ 15 ಮಿಲಿಮೀಟರ್ ದಪ್ಪ ಇರಲಿ. ಒಳಗೆ ಟೊಳ್ಳಿರಬಾರದು, ಬಾಗಿರಬಾರದು. ಟೊಳ್ಳು ಪೈಪಿನಲ್ಲೂ ಪ್ರಯೋಗ ಮಾಡಬಹುದು, ಆದರೆ ಒಳಗಿನ ಗಾಳಿಯೂ ಮೊಳಗಿ ಗೊಂದಲವಾಗುತ್ತದೆ. ಮೊದಲ ಸಲಕ್ಕೆ ಅಲ್ಯೂಮಿನಿಯಂ ಸರಳೇ ಒಳ್ಳೆಯದು. ಅದು ತುಂಬ ಹೊತ್ತು ಮೊಳಗುತ್ತದೆ.

## ಹಂತ 1: ಫೋನನ್ನು ಸಿದ್ಧ ಮಾಡಿಕೊಳ್ಳಿ

ಬ್ಲೂಟೂತ್ ಇಯರ್‌ಫೋನ್ ಸಂಪರ್ಕ ಇದ್ದರೆ ಕಡಿದುಹಾಕಿ. ಅದರ ಮೈಕ್ ಶಬ್ದವನ್ನು ತಡವಾಗಿ ಕಳಿಸುತ್ತದೆ, ಮೇಲಿನ ಆವೃತ್ತಿಗಳನ್ನು ಕತ್ತರಿಸಿಯೂ ಬಿಡುತ್ತದೆ. ಮೆಸೇಜ್ ಆ್ಯಪ್‌ಗಳ ವಾಯ್ಸ್ ರೆಕಾರ್ಡರ್ ಕೂಡ ಬೇಡ. ಅವು ಮನುಷ್ಯರ ಮಾತಿಗೆ ಹೊಂದಿಸಿದವು. ಸರಳಿನ ಸದ್ದನ್ನು ಗಲಾಟೆ ಅಂದುಕೊಂಡು ಅದುಮಿಬಿಡುತ್ತವೆ. ರೆಕಾರ್ಡ್ ಮಾಡುವುದಾದರೆ ವೇವ್ ಫೈಲ್ ಆಗಿ ಉಳಿಸುವ ರೆಕಾರ್ಡರ್ ಬಳಸಿ. ಸೆಟ್ಟಿಂಗ್ಸ್‌ನಲ್ಲಿ 'ನಾಯ್ಸ್ ರಿಡಕ್ಷನ್' ಕಂಡರೆ ಆಫ್ ಮಾಡಿ.

ಫೋನಿನ ಮೈಕ್ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ದೂರ ಅಳೆಯಬೇಕಾದ್ದು ಆ ತೂತಿನಿಂದ, ಫೋನಿನ ನಡುವಿನಿಂದಲ್ಲ. ಕವರ್ ತೂತನ್ನು ಮುಚ್ಚಿದ್ದರೆ ತೆಗೆದುಬಿಡಿ.

## ಹಂತ 2: ಗಾಳಿಯಲ್ಲಿ ಅಳೆಯಿರಿ

ಎರಡು ಫೋನುಗಳನ್ನು 5 ಮೀಟರ್ ದೂರದಲ್ಲಿ ಇಡಿ. ಎರಡರಲ್ಲೂ ಶಬ್ದದ ಸ್ಟಾಪ್‌ವಾಚ್ ತೆರೆಯಿರಿ. ಮೊದಲ ಫೋನಿನ ಹತ್ತಿರ ಒಬ್ಬರು, ಎರಡನೆಯದರ ಹತ್ತಿರ ಇನ್ನೊಬ್ಬರು ನಿಲ್ಲಲಿ.

ಮೊದಲನೆಯವರು ಒಮ್ಮೆ ಚಪ್ಪಾಳೆ ತಟ್ಟುತ್ತಾರೆ. ಅವರ ಫೋನು ತಕ್ಷಣ ಶುರುವಾಗುತ್ತದೆ, ಎರಡನೆಯದು ಸದ್ದು ಅಲ್ಲಿಗೆ ಮುಟ್ಟಿದ ಮೇಲೆ ಶುರುವಾಗುತ್ತದೆ. ಒಂದೆರಡು ಸೆಕೆಂಡ್ ಬಿಟ್ಟು ಎರಡನೆಯವರು ತಟ್ಟುತ್ತಾರೆ. ಈಗ ಎರಡನೆಯ ಫೋನು ತಕ್ಷಣ ನಿಲ್ಲುತ್ತದೆ, ಮೊದಲನೆಯದು ತಡವಾಗಿ ನಿಲ್ಲುತ್ತದೆ. ಮೊದಲ ಫೋನು ಬೇಗ ಶುರುವಾಗಿ ತಡವಾಗಿ ನಿಂತಿತು, ಅಲ್ವಾ? ಎರಡು ಫೋನುಗಳ ಸಮಯದ ವ್ಯತ್ಯಾಸ ಅಂದರೆ ಶಬ್ದ ಹೋಗಿ ಬರಲು, ಅಂದರೆ 10 ಮೀಟರ್ ದಾಟಲು ಹಿಡಿದ ಸಮಯ. ಎರಡು ಗಡಿಯಾರಗಳನ್ನು ಹೊಂದಿಸುವ ತಲೆನೋವೇ ಇಲ್ಲ.

ಒಂದು ಉದಾಹರಣೆ. ಮೊದಲ ಫೋನು 2.3147 ಸೆಕೆಂಡ್, ಎರಡನೆಯದು 2.2860 ಸೆಕೆಂಡ್ ತೋರಿಸಿತು ಅಂತಿಟ್ಟುಕೊಳ್ಳಿ. ವ್ಯತ್ಯಾಸ 0.0287. ಹತ್ತನ್ನು ಇದರಿಂದ ಭಾಗಿಸಿದರೆ 348.4. ಈಗ ತಾಪಮಾಪಕ ನೋಡಿ. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್. ಒಂದೊಂದು ಡಿಗ್ರಿ ಸೆಲ್ಸಿಯಸ್ ಏರಿದಾಗಲೂ 0.6 ಮೀಟರ್ ಸೇರಿಸಿ. 28 ಡಿಗ್ರಿ ಇದ್ದರೆ 347.8 ಬರಬೇಕು. 348.4 ಬಂದರೆ ಫೋನುಗಳು ಸರಿಯಾಗಿವೆ ಅಂತಲೇ ಅರ್ಥ.

ಇಲ್ಲಿ ಆಗುವ ದೊಡ್ಡ ತಪ್ಪು ನಿಲ್ಲುವ ಜಾಗದ್ದು. ಎರಡು ಫೋನುಗಳ ನಡುವೆ ನಿಂತು ತಟ್ಟಬೇಡಿ, ಪಕ್ಕದಲ್ಲೂ ಬೇಡ. ಫೋನಿನ ಹಿಂದೆ, ಎರಡೂ ಫೋನು ಸೇರಿಸುವ ನೇರ ಗೆರೆಯಲ್ಲೇ ನಿಲ್ಲಿ. ಆಗ ನಿಮ್ಮ ಕೈಯಿಂದ ಹತ್ತಿರದ ಫೋನಿಗಿರುವ ದೂರ ಎರಡೂ ಕಡೆ ಸೇರಿ ತಾನಾಗಿ ಕಳೆದುಹೋಗುತ್ತದೆ. ಅರ್ಧ ಮೀಟರ್ ಹಿಂದೆ ನಿಂತರೂ ಲೆಕ್ಕ ಕೆಡುವುದಿಲ್ಲ. ಅದೇ ಅರ್ಧ ಮೀಟರ್ ಒಳಗೆ ನಿಂತರೆ ಉತ್ತರ ಹಾಳು.

ಎರಡನೆಯ ತಪ್ಪು ಸ್ಟಾಪ್‌ವಾಚಿನ ಮಿತಿಯದ್ದು. ಎಷ್ಟು ಜೋರಿನ ಸದ್ದಿಗೆ ಓಡಬೇಕು ಅಂತ ಆ್ಯಪ್‌ನಲ್ಲಿ ಹೇಳಬೇಕಾಗುತ್ತದೆ. ಮಿತಿ ಜಾಸ್ತಿ ಇಟ್ಟರೆ ದೂರದ ಫೋನು ಚಪ್ಪಾಳೆಯ ಮೊದಲ ಏಟನ್ನು ಬಿಟ್ಟು ಗೋಡೆಯಿಂದ ವಾಪಸ್ ಬಂದ ಸದ್ದಿಗೆ ಓಡುತ್ತದೆ. ತೀರಾ ಕಡಿಮೆ ಇಟ್ಟರೆ ನೀವು ಉಸಿರಾಡಿದರೂ ಓಡುತ್ತದೆ. ಹತ್ತು ಸಲ ಅಳೆಯಿರಿ. 1 ಮಿಲಿಸೆಕೆಂಡ್ ತಪ್ಪಿದರೆ ವೇಗ ಮೂರೂವರೆ ಶೇಕಡಾ ತಪ್ಪುತ್ತದೆ. ಹತ್ತರಲ್ಲಿ ಒಂದೆರಡು ಮಾತ್ರ ದೂರ ಹೋದರೆ ಅವನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಹತ್ತೂ ಚೆಲ್ಲಾಪಿಲ್ಲಿಯಾಗಿದ್ದರೆ ಸರಾಸರಿ ತೆಗೆದು ಏನೂ ಸಿಗದು, ಮಿತಿಯನ್ನು ಬದಲಿಸಿ.

## ಹಂತ 3: ಒಂದೇ ಫೋನ್ ಇದ್ದರೆ ಕೊಳವೆ

ಎರಡು ಫೋನ್ ಇದ್ದವರು ಕೂಡ ಇದನ್ನು ಮಾಡಿ. ಮುಂದಿನ ಹಂತಕ್ಕೆ ಇದೇ ಅಭ್ಯಾಸ.

ಸುಮಾರು 30 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಕೊಳವೆ ತೆಗೆದುಕೊಳ್ಳಿ. ಒಂದು ತುದಿಯನ್ನು ಅಂಗೈಯಿಂದ ಪಟ್ಟೆಂದು ಮುಚ್ಚಿ, ಕೈ ತೆಗೆಯದೆ ಹಾಗೇ ಇಟ್ಟುಕೊಳ್ಳಿ. 'ಪೊಕ್' ಅನ್ನುವ ಸದ್ದು ಬರುತ್ತದೆ. ಅದು ಒಳಗಿನ ಗಾಳಿಯ ಸ್ವರ. ಸ್ಪೆಕ್ಟ್ರಮ್‌ನಲ್ಲಿ ಅತ್ಯಂತ ಎಡಗಡೆ ಎದ್ದುಕಾಣುವ ಶಿಖರದ ಆವೃತ್ತಿ ಬರೆದುಕೊಳ್ಳಿ.

ಒಂದು ತುದಿ ಮುಚ್ಚಿದ ಕೊಳವೆಗೆ ಲೆಕ್ಕ ಇಷ್ಟೇ: ವೇಗ = 4 × ಉದ್ದ × ಆವೃತ್ತಿ. ಆದರೆ ಉದ್ದ ಅಂದರೆ ಟೇಪಿನಲ್ಲಿ ಅಳೆದ ಉದ್ದವಲ್ಲ. ತೆರೆದ ಬಾಯಿಯಿಂದಾಚೆಗೂ ಸ್ವಲ್ಪ ಗಾಳಿ ಕಂಪಿಸುತ್ತದೆ. ಅದಕ್ಕಾಗಿ ಕೊಳವೆಯ ಒಳಅಗಲದ 0.3 ಭಾಗವನ್ನು ಉದ್ದಕ್ಕೆ ಸೇರಿಸಿ. 30 ಸೆಂಟಿಮೀಟರ್ ಕೊಳವೆ 31.2 ಆಗುತ್ತದೆ. 28 ಡಿಗ್ರಿಯಲ್ಲಿ ಇದರ ಶಿಖರ ಸುಮಾರು 279 ಹರ್ಟ್ಜ್ ಹತ್ತಿರ ಬರಬೇಕು. ಆ 1.2 ಸೆಂಟಿಮೀಟರ್ ಮರೆತರೆ ವೇಗ 335ರ ಹತ್ತಿರ ಬರುತ್ತದೆ. 'ನನ್ನದು ಸದಾ ನಾಲ್ಕು ಶೇಕಡಾ ಕಡಿಮೆ ಬರುತ್ತದೆ' ಅನ್ನುವವರ ತೊಂದರೆ ಹೆಚ್ಚಾಗಿ ಇದೇ.

## ಹಂತ 4: ಸರಳನ್ನು ಹಿಡಿಯುವುದು, ತಟ್ಟುವುದು

ಈಗ ಲೋಹ. ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ, ಅವಸರ ಬೇಡ.

ಸರಳಿನ ಉದ್ದವನ್ನು ಮಿಲಿಮೀಟರ್‌ವರೆಗೆ ಅಳೆಯಿರಿ. ಸರಿ ನಡುವೆ ಪೆನ್ನಿನಿಂದ ಗುರುತು ಹಾಕಿ. ತುದಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಟೊಪ್ಪಿ, ಸ್ಕ್ರೂ ಏನಾದರೂ ಇದ್ದರೆ ತೆಗೆಯಿರಿ. ತುದಿ ಚೂಪಾಗಿದ್ದರೆ ಅರದಿಂದ ಉಜ್ಜಿ ನಯ ಮಾಡಿ, ಕೈ ಕೊಯ್ದುಕೊಂಡವರಿದ್ದಾರೆ.

ಗುರುತು ಹಾಕಿದ ಜಾಗದಲ್ಲಿ ಹೆಬ್ಬೆರಳು, ತೋರುಬೆರಳಿನಿಂದ ಹಿಡಿಯಿರಿ. ಮುಷ್ಟಿ ಕಟ್ಟಬೇಡಿ. ಶಬ್ದ ಉದ್ದಕ್ಕೆ ಓಡುವಾಗ ಸರಳಿನ ಎರಡೂ ತುದಿಗಳು ಒಳಗೆ ಹೊರಗೆ ಆಡುತ್ತವೆ, ನಡು ಮಾತ್ರ ಅಲುಗದೆ ನಿಂತಿರುತ್ತದೆ. ಅಲುಗದ ಜಾಗ ಹಿಡಿದರೆ ಮೊಳಗು ಉಳಿಯುತ್ತದೆ. ಒಂದು ಬೆರಳಗಲ ಆಚೀಚೆ ಆದರೂ ಸದ್ದು ಬೇಗ ಸಾಯುವುದು ನಿಮಗೇ ಕೇಳಿಸುತ್ತದೆ.

ಇನ್ನು ತಟ್ಟುವುದು. ಸರಳಿನ ಮೈಗೆ ಅಲ್ಲ, ತುದಿಯ ಮುಖಕ್ಕೆ, ಉದ್ದದ ದಿಕ್ಕಿನಲ್ಲೇ ತಟ್ಟಿ. ಮೊಳೆಯ ತಲೆಗೆ ಹೊಡೆದ ಹಾಗೆ. ಜೋರು ಬೇಡ. ಚುಟುಕಾಗಿ ಒಂದು ಏಟು, ಸುತ್ತಿಗೆ ತಕ್ಷಣ ಹಿಂದೆ ಬರಬೇಕು. ಸರಿಯಾಗಿ ಬಿದ್ದರೆ ಮೊದಲು 'ಟಕ್' ಅನ್ನುತ್ತದೆ, ಅದರ ಹಿಂದೆಯೇ ಸಣ್ಣ, ತೆಳ್ಳಗಿನ, ಕಿವಿ ಚುಚ್ಚುವ ಒಂದು ಶಿಳ್ಳೆ ಎಳೆಯುತ್ತಾ ಹೋಗುತ್ತದೆ. ಬೇಕಾಗಿರುವುದು ಆ ಶಿಳ್ಳೆ. ಗಂಟೆಯಂತೆ ಅಲೆ ಅಲೆಯಾಗಿ 'ಡಂಯ್‌' ಅಂದರೆ ಏಟು ಓರೆಯಾಗಿ ಬಿದ್ದು ಸರಳು ಬಾಗುತ್ತಿದೆ ಅಂತ ಅರ್ಥ.

ಫೋನಿನ ಮೈಕ್ ಇನ್ನೊಂದು ತುದಿಯ ಎದುರಿಗೆ, 5ರಿಂದ 10 ಸೆಂಟಿಮೀಟರ್ ದೂರದಲ್ಲಿರಲಿ, ತಾಗಬಾರದು. ಆ ತುದಿ ಪುಟ್ಟ ಸ್ಪೀಕರಿನಂತೆ ಗಾಳಿಯನ್ನು ತಳ್ಳುತ್ತಿರುತ್ತದೆ. ಈ ಸದ್ದೂ ಗಾಳಿಯಲ್ಲೇ ಬರುತ್ತದಲ್ಲ ಅಂತ ಕೇಳಬಹುದು. ಬರಲಿ ಬಿಡಿ, ಗಾಳಿ ಆವೃತ್ತಿಯನ್ನು ಬದಲಿಸುವುದಿಲ್ಲ. ಸಮಯ ಅಳೆದಾಗ ಕಾಡಿದ ತೊಂದರೆ ಇಲ್ಲಿ ಇಲ್ಲ.

## ಹಂತ 5: ಸರಿಯಾದ ಶಿಖರ ಯಾವುದು?

ಆಡಾಸಿಟಿಯಲ್ಲಿ ರೆಕಾರ್ಡಿಂಗ್ ತೆರೆಯಿರಿ. 'ಟಕ್' ಭಾಗ ಬಿಟ್ಟು, ಅದರ ನಂತರದ ಒಂದು ಸೆಕೆಂಡಿನಷ್ಟು ಮಾತ್ರ ಆಯ್ಕೆ ಮಾಡಿ. ಅನಲೈಜ್ ಮೆನುವಿನ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿ, ಸೈಜ್ 16384 ಇಡಿ. 44,100ನ್ನು 16,384ರಿಂದ ಭಾಗಿಸಿದರೆ 2.7. ಅಂದರೆ 2.7 ಹರ್ಟ್ಜ್‌ವರೆಗಿನ ವಿವರ ಸಿಗುತ್ತದೆ, ಅಷ್ಟು ಸಾಕು. ಸೈಜ್ 1024ರಲ್ಲೇ ಬಿಟ್ಟವರಿಗೆ ಶಿಖರ 43 ಹರ್ಟ್ಜ್ ಮೆಟ್ಟಿಲುಗಳಲ್ಲಿ ಕಾಣುತ್ತದೆ. ಆಮೇಲೆ ಉತ್ತರ ಏಕೆ ಒರಟು ಅಂತ ಕೊರಗಿ ಪ್ರಯೋಜನ ಇಲ್ಲ.

ಈಗ ಪರದೆಯ ಮೇಲೆ ಒಂದಲ್ಲ, ಹತ್ತಾರು ಶಿಖರಗಳು ಕಾಣಬಹುದು. ನಾನು ಸಿಕ್ಕಿಬಿದ್ದದ್ದು ಇಲ್ಲೇ. 90 ಸೆಂಟಿಮೀಟರಿನ ಅಲ್ಯೂಮಿನಿಯಂ ಸರಳಿನಲ್ಲಿ 2120 ಹರ್ಟ್ಜ್ ಹತ್ತಿರ ಚಂದದ ಶಿಖರ ಕಂಡಿತು. ಲೆಕ್ಕ ಹಾಕಿದರೆ 3800 ಬಂತು, ಅದು ತಾಮ್ರದ ವೇಗ! ಸರಳು ನಿಜವಾಗಿ ಅಲ್ಯೂಮಿನಿಯಮ್ಮೇನಾ ಅಂತ ಒಂದು ಸಂಜೆಯಿಡೀ ಅನುಮಾನ ಪಟ್ಟೆ. ಸರಳು ಸರಿಯಾಗಿಯೇ ಇತ್ತು. ನಾನು ಹಿಡಿದದ್ದು ಸರಳು ಬಾಗಿ ಕಂಪಿಸುವ ಸ್ವರವನ್ನು. ಬಾಗುವ ಸ್ವರಗಳಲ್ಲಿ ಕೆಲವಕ್ಕೂ ನಡು ಅಲುಗದ ಜಾಗವೇ. ಹಾಗಾಗಿ ನಡು ಹಿಡಿದರೂ ಅವು ಸಾಯುವುದಿಲ್ಲ.

ಬೇರ್ಪಡಿಸಲು ಮೂರು ಪರೀಕ್ಷೆಗಳಿವೆ.

ಮೊದಲನೆಯದು, ಒಮ್ಮೆ ತುದಿಗೆ ತಟ್ಟಿ ರೆಕಾರ್ಡ್ ಮಾಡಿ, ಇನ್ನೊಮ್ಮೆ ಬೇಕಂತಲೇ ಮೈಗೆ ಅಡ್ಡ ತಟ್ಟಿ ರೆಕಾರ್ಡ್ ಮಾಡಿ. ಅಡ್ಡ ತಟ್ಟಿದಾಗ ಬೆಳೆದ ಶಿಖರಗಳೆಲ್ಲ ಬಾಗುವ ಸ್ವರಗಳು. ತುದಿಗೆ ತಟ್ಟಿದಾಗ ಮಾತ್ರ ಎದ್ದುನಿಲ್ಲುವುದು ನಿಮ್ಮದು.

ಎರಡನೆಯದು, ಮೂರು ಪಟ್ಟಿನ ಪರೀಕ್ಷೆ. ನಡು ಹಿಡಿದಾಗ ಉದ್ದಕ್ಕೆ ಓಡುವ ಶಬ್ದದ ಮುಂದಿನ ಶಿಖರ ಮೊದಲನೆಯದರ ಮೂರು ಪಟ್ಟಿನಲ್ಲಿ ಬರುತ್ತದೆ. 2806ರಲ್ಲಿ ಒಂದಿದ್ದರೆ 8400ರ ಆಸುಪಾಸಿನಲ್ಲಿ ಇನ್ನೊಂದನ್ನು ಹುಡುಕಿ. ಸರಳಿನ ನಾಲ್ಕನೇ ಒಂದು ಭಾಗದಲ್ಲಿ ಹಿಡಿದು ತಟ್ಟಿದರೆ ಎರಡು ಪಟ್ಟಿನದು ಏಳುತ್ತದೆ. ಬಾಗುವ ಸ್ವರಗಳಿಗೆ ಈ ಶಿಸ್ತು ಇಲ್ಲ, ಮೇಲೆ ಹೋದಷ್ಟೂ ಅವುಗಳ ನಡುವಿನ ಅಂತರ ಹಿಗ್ಗುತ್ತದೆ. ನನ್ನನ್ನು ಉಳಿಸಿದ್ದು ಈ ಪರೀಕ್ಷೆಯೇ. 2120ರ ಮೂರು ಪಟ್ಟಿನಲ್ಲಿ ಏನೂ ಇರಲಿಲ್ಲ.

ಮೂರನೆಯದು, ಅದೇ ಲೋಹದ, ಅದೇ ದಪ್ಪದ ಅರ್ಧ ಉದ್ದದ ತುಂಡು ಇದ್ದರೆ ಮಾತ್ರ. ಉದ್ದ ಅರ್ಧವಾದರೆ ಸರಿಯಾದ ಶಿಖರ ಎರಡು ಪಟ್ಟಾಗುತ್ತದೆ. ಬಾಗುವ ಸ್ವರ ನಾಲ್ಕು ಪಟ್ಟಾಗುತ್ತದೆ.

## ಹಂತ 6: ಲೆಕ್ಕ, ಮತ್ತು ಪುಸ್ತಕದ ಜೊತೆಗಿನ ಜಗಳ

ವೇಗ = 2 × ಉದ್ದ × ಆವೃತ್ತಿ. 0.900 ಮೀಟರ್, 2806 ಹರ್ಟ್ಜ್ ಇದ್ದರೆ 2 × 0.900 × 2806 = 5051. ಇಲ್ಲಿ ತುದಿಗೆ ಏನನ್ನೂ ಸೇರಿಸಬೇಕಾಗಿಲ್ಲ, ಕೊಳವೆಯ ಆ 0.3 ಭಾಗವನ್ನು ಇಲ್ಲಿಗೆ ತರಬೇಡಿ. ಉದ್ದದಲ್ಲಿ 1 ಮಿಲಿಮೀಟರ್, ಆವೃತ್ತಿಯಲ್ಲಿ 3 ಹರ್ಟ್ಜ್ ತಪ್ಪಿದರೂ ಉತ್ತರ ತಪ್ಪುವುದು ಹೆಚ್ಚೆಂದರೆ ಕಾಲು ಶೇಕಡಾ. ಸಮಯ ಅಳೆಯುವ ವಿಧಾನದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಸರಳುಗಳಲ್ಲಿ ಬರಬೇಕಾದ ವೇಗ ಸೆಕೆಂಡಿಗೆ ಸುಮಾರು ಇಷ್ಟು: ಉಕ್ಕು 5000ರಿಂದ 5200 ಮೀಟರ್, ಅಲ್ಯೂಮಿನಿಯಂ 5000ರಿಂದ 5100, ತಾಮ್ರ 3600ರಿಂದ 3800, ಹಿತ್ತಾಳೆ 3400ರಿಂದ 3500. ಸೀಸ ಬರೀ 1200ರ ಹತ್ತಿರ.

ಕೆಲವು ಪುಸ್ತಕಗಳಲ್ಲಿ ಉಕ್ಕಿಗೆ 5900, ಅಲ್ಯೂಮಿನಿಯಂಗೆ 6300ಕ್ಕೂ ಜಾಸ್ತಿ ಬರೆದಿರುತ್ತದೆ. ಅದನ್ನು ನೋಡಿ ನಿಮ್ಮ 5050 ತಪ್ಪು ಅಂದುಕೊಳ್ಳಬೇಡಿ, ಎರಡೂ ಸರಿ. ಅವು ದೊಡ್ಡ ಗಟ್ಟಿ ದಿಮ್ಮಿಯೊಳಗಿನ ವೇಗ. ತೆಳ್ಳಗಿನ ಸರಳನ್ನು ಉದ್ದಕ್ಕೆ ಒತ್ತಿದರೆ ಅದು ಪಕ್ಕಕ್ಕೆ ಕೊಂಚ ಉಬ್ಬುತ್ತದೆ, ಒತ್ತಡ ಸ್ವಲ್ಪ ಸಡಿಲವಾಗುತ್ತದೆ, ಶಬ್ದ ನಿಧಾನವಾಗುತ್ತದೆ. ದಿಮ್ಮಿಯ ಒಳಗೆ ಪಕ್ಕಕ್ಕೆ ಉಬ್ಬಲು ಜಾಗವೇ ಇಲ್ಲ. ಯಾವ ಪಟ್ಟಿ ನೋಡಿದರೂ ಸರಳಿನದೋ ದಿಮ್ಮಿಯದೋ ಅಂತ ಮೊದಲು ಕೇಳಿಕೊಳ್ಳಿ.

ಇನ್ನೊಂದು ಹಳೇ ತಪ್ಪು ತಿಳಿವಳಿಕೆ: 'ತೂಕದ ವಸ್ತುವಿನಲ್ಲಿ ಶಬ್ದ ವೇಗವಾಗಿ ಹೋಗುತ್ತದೆ'. ಉಕ್ಕು ಅಲ್ಯೂಮಿನಿಯಂಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಭಾರ, ಆದರೂ ವೇಗ ಹೆಚ್ಚುಕಡಿಮೆ ಒಂದೇ. ಯಾಕೆಂದರೆ ಉಕ್ಕಿನ ಬಿಗಿಯೂ ಸುಮಾರು ಮೂರು ಪಟ್ಟು. ಶಬ್ದವನ್ನು ಓಡಿಸುವುದು ವಸ್ತುವಿನ ಬಿಗಿ, ತಡೆಯುವುದು ಸಾಂದ್ರತೆ. ಸೀಸ ಉಕ್ಕಿಗಿಂತಲೂ ಭಾರ, ಆದರೆ ಮೆತ್ತಗೆ. ಅದಕ್ಕೇ ಅಲ್ಲಿ ಶಬ್ದ ತೆವಳುತ್ತದೆ.

## ಹಂತ 7: ಮರ

ಕ್ರಮ ಅದೇ, ಸಹನೆ ಮಾತ್ರ ಜಾಸ್ತಿ ಬೇಕು. ಮರ ಲೋಹದಂತೆ ಮೊಳಗುವುದಿಲ್ಲ, 'ಟೊಕ್' ಅಂದು ಮುಗಿದುಹೋಗುತ್ತದೆ. ಒಂದು ಸೆಕೆಂಡ್ ಆಯ್ಕೆ ಮಾಡಿದರೆ ಅದರಲ್ಲಿ ಬಹುಪಾಲು ಮೌನವೇ ಇರುತ್ತದೆ. ಏಟಿನಿಂದಲೇ ಶುರುಮಾಡಿ ಸಣ್ಣ ತುಂಡು ಆಯ್ಕೆ ಮಾಡಿ, ಸೈಜ್ 4096ಕ್ಕೆ ಇಳಿಸಿ. ಶಿಖರ ಗುಡ್ಡದಂತೆ ಅಗಲವಾಗಿರುತ್ತದೆ, ಐದಾರು ಏಟಿನ ಸರಾಸರಿ ತೆಗೆಯಿರಿ.

ಗಂಟಿಲ್ಲದ, ಎಳೆ ನೇರವಾಗಿರುವ, ಒಣಗಿದ ಕೋಲು ಆರಿಸಿ. ಎಳೆಯ ಉದ್ದಕ್ಕೆ ಸಾಮಾನ್ಯವಾಗಿ 3500ರಿಂದ 5000ದ ನಡುವೆ ಬರುತ್ತದೆ. ಎಳೆಗೆ ಅಡ್ಡವಾಗಿ ಶಬ್ದ ಬಹಳ ನಿಧಾನ. ಎಳೆ ಓರೆಯಾಗಿರುವ ಕೋಲಿನಲ್ಲಿ ಉತ್ತರ ಕಡಿಮೆ ಬಂದರೆ ಅದು ನಿಮ್ಮ ತಪ್ಪಲ್ಲ.

ಗಾಜಿನ ಸರಳಿಗೆ ಸುತ್ತಿಗೆ ಮುಟ್ಟಿಸಬೇಡಿ. ನೀರನ್ನೂ ಬಕೆಟ್ಟಿನಲ್ಲಿ ಪ್ರಯತ್ನಿಸಬೇಡಿ. 20 ಡಿಗ್ರಿ ನೀರಿನಲ್ಲಿ ವೇಗ ಸೆಕೆಂಡಿಗೆ 1482 ಮೀಟರ್. ಬಕೆಟ್ಟಿನ ಗೋಡೆ ಮೆತ್ತಗೆ, ನೀರಿನ ಜೊತೆ ಅದೂ ಕಂಪಿಸಿ ಸಿಗುವ ಸಂಖ್ಯೆಗೆ ಅರ್ಥ ಇರುವುದಿಲ್ಲ.

## ಕೆಟ್ಟಿದೆ ಅನ್ನುವ ಸೂಚನೆಗಳು

ಲೋಹಕ್ಕೆ 340ರ ಹತ್ತಿರ ಬಂದರೆ ನೀವು ಇನ್ನೂ ಸಮಯವನ್ನೇ ಅಳೆಯುತ್ತಿದ್ದೀರಿ, ಹಂತ 4ಕ್ಕೆ ಹೋಗಿ. ನಿರೀಕ್ಷೆಯ ಸರಿಯಾಗಿ ಎರಡು ಅಥವಾ ಮೂರು ಪಟ್ಟು ಬಂದರೆ ಮೇಲಿನ ಶಿಖರವನ್ನು ಓದಿದ್ದೀರಿ, ಎಡಕ್ಕೆ ಬನ್ನಿ. ಅರ್ಧ ಬಂದರೆ ಸೂತ್ರದಲ್ಲಿ 2 ಬಿಟ್ಟುಹೋಗಿದೆ. ಬೇರೆ ಬೇರೆ ಏಟಿಗೆ ಶಿಖರ ಜಾಗ ಬದಲಿಸುತ್ತಿದ್ದರೆ ಅದು ಸರಳಿನದ್ದಲ್ಲ. ಫ್ಯಾನು, ಮೇಜು, ಸುತ್ತಿಗೆ, ಏನಾದರೂ ಇರಬಹುದು. ತಟ್ಟದೆ ಸುಮ್ನೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ನೋಡಿ. ಅಲ್ಲೂ ಆ ಶಿಖರ ಇದ್ದರೆ ಕೋಣೆಯದೇ.

## ಕಿವಿಯಲ್ಲೇ ಕೇಳಬೇಕು ಅನಿಸಿದರೆ

ಉದ್ದನೆಯ, ಬಿಡಿಬಿಡಿಯಾಗಿರದ ಲೋಹದ ಕಂಬಿಬೇಲಿ ಸಿಕ್ಕಿದರೆ 30 ಮೀಟರ್ ದೂರದಲ್ಲಿ ಒಬ್ಬರು ಕಲ್ಲಿನಿಂದ ಒಮ್ಮೆ ತಟ್ಟಲಿ. ನೀವು ಕಂಬಿಗೆ ಕಿವಿ ಹಚ್ಚಿ, ಇನ್ನೊಂದು ಕಿವಿ ತೆರೆದಿಡಿ. ಲೋಹದಲ್ಲಿ ಸದ್ದು 6 ಮಿಲಿಸೆಕೆಂಡಿನಲ್ಲಿ ಬರುತ್ತದೆ, ಗಾಳಿಯಲ್ಲಿ 86ರ ಹತ್ತಿರ. ಒಂದೇ ಏಟು ಎರಡು ಸಲ ಕೇಳಿಸುತ್ತದೆ. ಇದನ್ನು ರೆಕಾರ್ಡ್ ಮಾಡಿ ಲೋಹದ ವೇಗ ತೆಗೆಯಲು ಮಾತ್ರ ಹೋಗಬೇಡಿ. ಆ 6ರಲ್ಲಿ 1 ತಪ್ಪಿದರೂ ಉತ್ತರ ಸಾವಿರದಷ್ಟು ಆಚೀಚೆ ಆಗುತ್ತದೆ. ತಟ್ಟುವವರಿಗೆ ಮೆಲ್ಲಗೆ ತಟ್ಟಲು ಮೊದಲೇ ಹೇಳಿರಿ, ನಿಮ್ಮ ಕಿವಿ ಕಂಬಿಗೆ ಅಂಟಿಕೊಂಡಿರುತ್ತದೆ.